ಕತ್ತಿನ ಚಲನೆಯ ಎಕ್ಸ್-ರೇ ಮತ್ತು ಬಿಡದೆ ಕಾಡುವ ತಲೆನೋವು: ಅಧ್ಯಯನ ಟಿಪ್ಪಣಿ

ನೋವು ತಲೆಯಲ್ಲಿ, ಚಿತ್ರ ತೆಗೆಯುವುದು ಕತ್ತಿನದು. ಈ ಪಾಠಕ್ಕೆ ಕೈ ಹಾಕಿದಾಗ ನನ್ನನ್ನು ಮೊದಲು ತಡೆದು ನಿಲ್ಲಿಸಿದ್ದು ಇದೇ. ಇದು ಬಗೆಹರಿದರೆ ಮುಂದಿನದು ಸಲೀಸು. ಹಾಗಾಗಿ ಯಂತ್ರವನ್ನು ಬದಿಗಿಟ್ಟು ನರಗಳಿಂದಲೇ ಶುರು ಮಾಡುತ್ತೇನೆ.

ಕತ್ತಿನ ಮೇಲ್ಭಾಗದ ಮೂರು ನರಗಳು, ಅಂದರೆ ಸಿ1, ಸಿ2, ಸಿ3, ಹೊತ್ತು ತರುವ ನೋವಿನ ಸಂಕೇತ ಒಂದು ಕಡೆ. ಹಣೆ, ಕಣ್ಣು, ಮುಖದಿಂದ ಟ್ರೈಜೆಮಿನಲ್ ನರ ತರುವ ಸಂಕೇತ ಇನ್ನೊಂದು ಕಡೆ. ಇವೆರಡೂ ಬೆನ್ನುಹುರಿಯ ಮೇಲ್ತುದಿಯಲ್ಲಿ ಒಂದೇ ಜೀವಕೋಶಗಳ ಗುಂಪಿಗೆ ಬಂದು ಸೇರುತ್ತವೆ. ಅದೇ ಟ್ರೈಜೆಮಿನೋಸರ್ವಿಕಲ್ ನ್ಯೂಕ್ಲಿಯಸ್. ಅಲ್ಲಿಂದ ಮಿದುಳಿಗೆ ಹೋಗುವ ದಾರಿ ಹಂಚಿಕೆಯದು, ಆದ್ದರಿಂದ ಸುದ್ದಿ ಕತ್ತಿನಿಂದ ಬಂತೋ ಹಣೆಯಿಂದ ಬಂತೋ ಎಂದು ಮಿದುಳಿಗೆ ಸರಿಯಾಗಿ ಗೊತ್ತಾಗುವುದಿಲ್ಲ. ಹೆಡತಲೆಯ ಕೆಳಗಿನ ಕೀಲು ನೊಂದರೂ ಕಣ್ಣಿನ ಹಿಂದೆ ಸಿಡಿಯುತ್ತಿದೆ ಎನಿಸುವುದು ಇದರಿಂದಲೇ. ನಾರ್ವೆಯ ನರರೋಗತಜ್ಞ ಓಟ್ಟಾರ್ ಸ್ಯೋಸ್ತಾಡ್ ಮತ್ತು ಸಂಗಡಿಗರು 1983ರಲ್ಲಿ ಇಂಥ ನೋವಿಗೆ ಸರ್ವಿಕೋಜೆನಿಕ್ (ಕತ್ತಿನಿಂದ ಹುಟ್ಟುವ) ತಲೆನೋವು ಎಂದು ಹೆಸರಿಟ್ಟರು.

ಈಗ ಚಿತ್ರದ ಮಾತು. ಸಾಮಾನ್ಯ ಎಂಆರ್‌ಐಯಲ್ಲಿ ರೋಗಿ ಅಲುಗಾಡದೆ ಮಲಗಿರುತ್ತಾನೆ. ಮುಚ್ಚಿದ ಬಾಗಿಲನ್ನು ನೋಡಿ ಅದರ ಕೀಲು ಸಡಿಲವಾಗಿದೆಯೇ ಎಂದು ಹೇಳಲಾಗದು, ತೆರೆದು ಮುಚ್ಚಿ ನೋಡಬೇಕು. ಕತ್ತಿನ ಮೂಳೆಗಳನ್ನು ಹಿಡಿದಿಟ್ಟ ಅಸ್ಥಿರಜ್ಜುಗಳದ್ದೂ ಇದೇ ಕತೆ: ತಲೆ ಬಗ್ಗಿ ಅವು ಬಿಗಿದಾಗಲೇ ಅವುಗಳ ಹಿಡಿತ ಎಷ್ಟೆಂದು ತಿಳಿಯುವುದು. ತಲೆ ಪೂರ್ತಿ ಬಗ್ಗಿಸಿ ಒಂದು, ಪೂರ್ತಿ ಎತ್ತಿ ಒಂದು ಎಕ್ಸ್-ರೇ ತೆಗೆಯುವ ಹಳೆಯ ಪದ್ಧತಿ ಇದೆ. ಅದರಲ್ಲಿ ಎರಡು ತುದಿಗಳು ಸಿಗುತ್ತವೆ, ನಡುವಿನ ಹಾದಿ ಸಿಗುವುದಿಲ್ಲ. ಆ ಹಾದಿಯನ್ನು ತೋರಿಸುವುದು ಫ್ಲೋರೋಸ್ಕೋಪಿ. ಎಕ್ಸ್-ರೇಯನ್ನು ಸಣ್ಣ ಸಣ್ಣ ಮಿಡಿತಗಳಲ್ಲಿ ಬಿಟ್ಟು, ಸೆಕೆಂಡಿಗೆ 15 ಅಥವಾ 30 ಚಿತ್ರಗಳಂತೆ ಹಿಡಿದು ವಿಡಿಯೋ ಮಾಡುತ್ತಾರೆ. ರೋಗಿ ಕುಳಿತೋ ನಿಂತೋ ತಾನೇ ನಿಧಾನವಾಗಿ ಗೋಣು ಆಡಿಸುತ್ತಾನೆ.

ಪಕ್ಕದಿಂದ ತೆಗೆದ ವಿಡಿಯೋವನ್ನು ಒಂದೊಂದೇ ಚಿತ್ರವಾಗಿ ಮುಂದಕ್ಕೆ ಸರಿಸಿ ನೋಡುವುದನ್ನು ಎಲ್ಲರೂ ಒಮ್ಮೆ ಮಾಡಬೇಕು. ಕಶೇರುಗಳ, ಅಂದರೆ ಕತ್ತಿನ ಮೂಳೆಮಣಿಗಳ, ಹಿಂಬದಿಯ ಅಂಚುಗಳನ್ನು ಕಣ್ಣಲ್ಲೇ ಒಂದು ಗೆರೆಯಾಗಿ ಜೋಡಿಸಿಕೊಳ್ಳಿ. ತಲೆ ಬಗ್ಗಿದಂತೆ ಪ್ರತಿ ಕಶೇರು ತನ್ನ ಕೆಳಗಿನದರ ಮೇಲೆ ಒಂದಿಷ್ಟೇ ಮುಂದೆ ಜಾರುತ್ತದೆ. ಗೆರೆ ಮುರಿಯದೆ ಕಮಾನಾಗಿ ಬಾಗುತ್ತದೆ, ಅಲ್ಲಲ್ಲಿ ಸಣ್ಣ ಮೆಟ್ಟಿಲು ಕಂಡರೂ ಅದು ಸಹಜವೇ. ಒಂದು ಕಡೆ ಮಾತ್ರ ಮೆಟ್ಟಿಲು ದೊಡ್ಡದಾಗಿ ಎದ್ದು ಕಂಡರೆ ಅಲ್ಲಿ ನಿಲ್ಲಿಸಿ ಅಳೆಯಬೇಕು. ಪುಸ್ತಕಗಳಲ್ಲಿ ಸಿಗುವ, ಬೆನ್ನುಮೂಳೆಯ ಚಲನೆಯನ್ನು ಅಧ್ಯಯನ ಮಾಡಿದ ವೈಟ್ ಮತ್ತು ಪಂಜಾಬಿ ಅವರ ಅಳತೆ: 3.5 ಮಿಲಿಮೀಟರ್‌ಗಿಂತ ಹೆಚ್ಚು ಜಾರಿಕೆ, ಅಥವಾ ಅಕ್ಕಪಕ್ಕದ ಹಂತಗಳಿಗಿಂತ (ಹಂತವೆಂದರೆ ಒಂದರ ಮೇಲೊಂದಿರುವ ಎರಡು ಕಶೇರುಗಳ ಜೋಡಿ) 11 ಡಿಗ್ರಿ ಹೆಚ್ಚು ಕೋನ. ಇದನ್ನು ಬಾಯಿಪಾಠ ಮಾಡುವಾಗ ಎರಡು ವಿಷಯ ಜೊತೆಗೇ ನೆನಪಿಡಿ. ಈ ಅಳತೆ ಸಿ2ರಿಂದ (ನರಗಳಂತೆ ಕಶೇರುಗಳಿಗೂ ಮೇಲಿನಿಂದ ಸಿ1, ಸಿ2 ಎಂದೇ ಹೆಸರು) ಕೆಳಗಿನ ಕತ್ತಿಗೆ ಸೇರಿದ್ದು, ತಲೆನೋವಿನ ಕಾರಣ ಹುಡುಕಲೆಂದು ಮಾಡಿದ್ದೂ ಅಲ್ಲ. ಜೊತೆಗೆ ಎಕ್ಸ್-ರೇ ಚಿತ್ರ ನಿಜ ಗಾತ್ರಕ್ಕಿಂತ ಹಿಗ್ಗಿರುತ್ತದೆ. ಆ ಹಿಗ್ಗನ್ನು ಕಳೆಯದೆ ಕೊಟ್ಟ ಮಿಲಿಮೀಟರ್ ಲೆಕ್ಕವನ್ನು ನಂಬಬೇಡಿ.

ತಲೆನೋವಿನ ಮಟ್ಟಿಗೆ ಮುಖ್ಯವಾದದ್ದು ಇನ್ನೂ ಮೇಲೆ, ಸಿ1 ಮತ್ತು ಸಿ2 ನಡುವೆ. ಕತ್ತು ತಿರುಗುವುದರಲ್ಲಿ ಸುಮಾರು ಅರ್ಧ ಪಾಲು ಈ ಒಂದೇ ಹಂತದ್ದು, ಅದೂ ನಡುವೆ ಡಿಸ್ಕ್ ಇಲ್ಲದೆ. ಸಿ2ರಿಂದ ಮೇಲೆದ್ದ ಗೂಟದಂಥ ಮೂಳೆಗೂ ಸಿ1ರ ಮುಂದಿನ ಕಮಾನಿಗೂ ನಡುವಿನ ಸಂದು ದೊಡ್ಡವರಲ್ಲಿ 3 ಮಿಲಿಮೀಟರ್, ಮಕ್ಕಳಲ್ಲಿ 5 ಮಿಲಿಮೀಟರ್ ದಾಟಬಾರದು. ತಲೆ ಬಗ್ಗಿಸಿದಾಗ ಆ ಸಂದು ಅಗಲವಾದರೆ ಗೂಟವನ್ನು ಹಿಂದಿನಿಂದ ಕಟ್ಟಿಹಿಡಿದ ಅಡ್ಡ ಅಸ್ಥಿರಜ್ಜು ಸೋತಿದೆ ಎಂದರ್ಥ. ರುಮಟಾಯ್ಡ್ ಸಂಧಿವಾತ, ಡೌನ್ ಸಿಂಡ್ರೋಮ್ ಇರುವವರಲ್ಲಿ ಇದನ್ನು ಮರೆಯದೆ ನೋಡಬೇಕು. ಬಾಯಿ ತೆರೆಸಿ ಮುಂದಿನಿಂದ ತೆಗೆಯುವ ನೋಟವೂ ಉಂಟು. ಕತ್ತನ್ನು ಪಕ್ಕಕ್ಕೆ ವಾಲಿಸಿದಾಗ ಸಿ1ರ ಅಂಚು ಸಿ2ರ ಅಂಚನ್ನು ಮೀರಿ ಹೊರಚಾಚಿದರೆ ಗೂಟವನ್ನು ತಲೆಬುರುಡೆಗೆ ಕಟ್ಟುವ ಏಲಾರ್ ಅಸ್ಥಿರಜ್ಜುವಿಗೆ ಪೆಟ್ಟಾಗಿದೆ ಎಂದು ಕೆಲವರು ಓದುತ್ತಾರೆ. ಆದರೆ ಎಡಬಲದ ಸಣ್ಣ ವ್ಯತ್ಯಾಸ ನೋವೇ ಇಲ್ಲದವರಲ್ಲೂ ಕಾಣುತ್ತದೆ. ಇಷ್ಟರಿಂದಲೇ ತೀರ್ಪು ಕೊಡುವುದು ನನಗೆ ಒಪ್ಪಿಗೆಯಿಲ್ಲ.

ನನ್ನ ಮಟ್ಟಿಗೆ ಪಾಠದ ತಿರುಳು ಇಲ್ಲಿದೆ. ವಿಡಿಯೋ ತೋರಿಸುವುದು ಮೂಳೆಯ ಚಲನೆಯನ್ನು, ನೋವನ್ನಲ್ಲ. ಕತ್ತಿನಿಂದ ಬರುವ ತಲೆನೋವಿಗೆ ಬಹಳ ಸಲ ಮೂಲವಾಗುವುದು ಸಿ2-ಸಿ3 ನಡುವಿನ ಫೆಸೆಟ್ ಕೀಲು, ಅಂದರೆ ಕಶೇರುಗಳ ಹಿಂಬದಿಯ ಪುಟ್ಟ ಕೀಲು. ಅದು ನೋಯುತ್ತಲೇ ನೆಟ್ಟಗೆ ಚಲಿಸಬಹುದು, ಆಗ ವಿಡಿಯೋದಲ್ಲಿ ಏನೂ ಕಾಣದು. ಸ್ನಾಯುಗಳು ಬಿಗಿದುಕೊಂಡಿದ್ದರೆ ನಿಜವಾದ ಸಡಿಲಿಕೆಯೂ ಮರೆಯಾಗುತ್ತದೆ. ತಲೆನೋವುಗಳ ಅಂತರರಾಷ್ಟ್ರೀಯ ವರ್ಗೀಕರಣದ 2018ರ ಮೂರನೇ ಆವೃತ್ತಿ ಬರೀ ಚಿತ್ರವನ್ನು ನೆಚ್ಚುವುದಿಲ್ಲ. ಕತ್ತಿನ ತೊಂದರೆ ಶುರುವಾದ ಹೊತ್ತಿಗೇ ತಲೆನೋವು ಬಂದಿರುವುದು, ಅದು ಕಡಿಮೆಯಾದಂತೆ ಇದೂ ಕಡಿಮೆಯಾಗುವುದು, ಕತ್ತು ಪೂರ್ತಿ ಆಡದಿರುವುದು ಮತ್ತು ಆಡಿಸಿ ಒತ್ತಿದರೆ ನೋವು ಹೆಚ್ಚುವುದು, ಆ ಕೀಲಿನ ನರಕ್ಕೆ ಮರವಳಿಕೆ ಚುಚ್ಚುಮದ್ದು ಕೊಟ್ಟಾಗ ತಲೆನೋವು ನಿಲ್ಲುವುದು: ಇವುಗಳಲ್ಲಿ ಎರಡಾದರೂ ಸಿಗಬೇಕು ಎನ್ನುತ್ತದೆ. ಮೈಗ್ರೇನ್‌ನಲ್ಲೂ ಕತ್ತು ನೋಯುತ್ತದೆ ಎಂಬುದು ನೆನಪಿರಲಿ.

ಕೈಯಲ್ಲೇ ಮಾಡಬಹುದಾದ ಒಂದು ಪರೀಕ್ಷೆಯನ್ನು ಇದರ ಪಕ್ಕದಲ್ಲಿಟ್ಟು ಕಲಿಯಿರಿ. ರೋಗಿಯನ್ನು ಅಂಗಾತ ಮಲಗಿಸಿ, ಗದ್ದ ಎದೆಗೆ ತಾಗುವಂತೆ ಕತ್ತು ಬಗ್ಗಿಸಿ, ಹಾಗೆಯೇ ತಲೆಯನ್ನು ಎರಡೂ ಕಡೆ ತಿರುಗಿಸುವುದು. ಬಗ್ಗಿದಾಗ ಕೆಳಗಿನ ಹಂತಗಳು ಬಿಗಿಯುವುದರಿಂದ ತಿರುಗುವುದು ಬಹುಪಾಲು ಸಿ1-ಸಿ2 ಮಾತ್ರ. ಆರೋಗ್ಯವಂತರಲ್ಲಿ ಒಂದೊಂದು ಕಡೆಗೆ ಸುಮಾರು 44 ಡಿಗ್ರಿ. ನೋವಿನ ಕಡೆಗೆ ಅದು ಸ್ಪಷ್ಟವಾಗಿ ಕಡಿಮೆಯಾದರೆ ಅದೊಂದು ಒಳ್ಳೆಯ ಸುಳಿವು, ವಿಕಿರಣದ ಗೊಡವೆಯೂ ಇಲ್ಲ.

ವಿಕಿರಣ ಎಂದಾಗ: ಥೈರಾಯ್ಡ್ ಇದೇ ಕಿರಣದ ದಾರಿಯಲ್ಲಿದೆ. ಆದ್ದರಿಂದ ಯಾವ ಪ್ರಶ್ನೆಗೆ ಉತ್ತರ ಬೇಕೆಂದು ಮೊದಲೇ ಬರೆದಿಟ್ಟುಕೊಂಡು, ಬೇಕಾದ ನೋಟಗಳನ್ನಷ್ಟೇ ತೆಗೆಯಬೇಕು. ಹೊಸ ಪೆಟ್ಟು ಬಿದ್ದು ಮೂಳೆ ಮುರಿದಿರುವ ಅನುಮಾನವಿದ್ದರೆ ಕತ್ತು ಆಡಿಸುವಂತೆಯೇ ಇಲ್ಲ, ಮೊದಲು ಸಿಟಿ ಸ್ಕ್ಯಾನ್. ಸಿಡಿಲು ಬಡಿದಂತೆ ಒಮ್ಮೆಲೇ ಬಂದ ತಲೆನೋವು, ಕೈಕಾಲು ಬಲ ಕಳೆದುಕೊಳ್ಳುವುದು, ಹಿಂದೆಂದೂ ಇಲ್ಲದ ಕತ್ತುನೋವಿನ ಜೊತೆ ರೆಪ್ಪೆ ಜೋತುಬೀಳುವುದು ಕಂಡರೆ ತುರ್ತು ಚಿಕಿತ್ಸೆಗೆ ಕಳಿಸಬೇಕು.

ಒಂದು ಅಭ್ಯಾಸ. ಹಣೆನೋವಿನ ರೋಗಿಯ ವರದಿಯಲ್ಲಿ ‘ಸಿ5-ಸಿ6 ಹಂತದಲ್ಲಿ ಅತಿಚಲನೆ’ ಎಂದು ಬರೆದಿದೆ ಎಂದುಕೊಳ್ಳಿ. ಟಿಪ್ಪಣಿಯ ಶುರುವಿನಲ್ಲಿ ಹೇಳಿದ ನರಗಳಿಗೆ ವಾಪಸ್ ಹೋಗಿ. ಹಣೆಯ ಸಂಕೇತದ ಜೊತೆ ಕೂಡುವುದು ಸಿ1ರಿಂದ ಸಿ3. ವರದಿ ಹೇಳುತ್ತಿರುವ ಜಾಗ ಅದಕ್ಕಿಂತ ಕೆಳಗೆ. ಅತಿಚಲನೆ ನಿಜವೇ ಇರಬಹುದು, ಭುಜ ಅಥವಾ ತೋಳಿನ ನೋವಿಗೆ ಅದು ಉತ್ತರವೂ ಆಗಬಹುದು. ಹಣೆನೋವಿನ ಕಾರಣವನ್ನು ಮಾತ್ರ ಇನ್ನೂ ಹುಡುಕಬೇಕಿದೆ.