ಒಂದೇ ಗಾಜಿನ ಮೇಲೆ ಮೂರು ಸಲ

'ರಜಿಸ್ಟರ್ ಔಟ್ ಆಗೇತಿ, ನೋಡ್ರಿ!' ಗದಗಿನ ಪ್ರೆಸ್‌ಗಳಲ್ಲಿ ಕ್ಯಾಲೆಂಡರ್ ಅಚ್ಚಾಗುವ ಕಾಲಕ್ಕೆ ಈ ಮಾತು ಕೇಳಿಯೇ ಕೇಳುತ್ತದೆ. ನಾಲ್ಕು ಬಣ್ಣ ಒಂದರ ಮೇಲೊಂದು ಸರಿಯಾಗಿ ಕೂತಿಲ್ಲ ಅಂತ ಅರ್ಥ. ದೇವರ ಕಿರೀಟದ ಅಂಚಿಗೆ ಬೇಡದ ಕೆಂಪು ಗೆರೆ ಬಂದಿರುತ್ತದೆ. ಅಚ್ಚಿನ ಪ್ಲೇಟ್ ಮಾಡುವವನಾದ ನನಗೆ ರಷ್ಯಾದ ಸೆರ್ಗೈ ಪ್ರೊಕುಡಿನ್-ಗೋರ್ಸ್ಕಿ ಹತ್ತಿರದವರೆನಿಸುವುದು ಇಂಥ ಗೆರೆಗಳಿಂದಲೇ.

1863ರಲ್ಲಿ ಹುಟ್ಟಿದ ಈ ಛಾಯಾಗ್ರಾಹಕರು ರಸಾಯನಶಾಸ್ತ್ರ ಬಲ್ಲವರು. ಒಂದೇ ದೃಶ್ಯವನ್ನು ಉದ್ದನೆಯ ಗಾಜಿನ ಪ್ಲೇಟಿನ ಮೇಲೆ ಮೂರು ಸಲ ತೆಗೆಯುತ್ತಿದ್ದರು. ಒಮ್ಮೆ ನೀಲಿ ಫಿಲ್ಟರ್, ಒಮ್ಮೆ ಹಸಿರು, ಒಮ್ಮೆ ಕೆಂಪು. ಸಿಗುವುದು ಮೂರೂ ಕಪ್ಪು-ಬಿಳುಪು ನೆಗೆಟಿವ್‌ಗಳೇ, ಅಂದರೆ ಬೆಳಕು-ಕತ್ತಲು ಅದಲುಬದಲಾದ ಚಿತ್ರಗಳೇ! 1911ರಲ್ಲಿ ತೆಗೆದ ಮಧ್ಯ ಏಷ್ಯಾದ ಬುಖಾರಾದ ಅಮೀರ, ಅಂದರೆ ದೊರೆ, ಆಲಿಂ ಖಾನನ ಚಿತ್ರ ನೋಡಿ. ಹೂವಿನ ಕೆಲಸದ ಗಾಢ ನೀಲಿ ನಿಲುವಂಗಿ. ನೆಗೆಟಿವ್‌ಗಳನ್ನು ಮತ್ತೆ ನೇರ ಚಿತ್ರಕ್ಕೆ ತಿರುಗಿಸಿದರೆ ನೀಲಿ ಫಿಲ್ಟರಿನ ಚಿತ್ರದಲ್ಲಿ ಬಟ್ಟೆ ತಿಳಿಯಾಗಿ, ಕೆಂಪಿನದರಲ್ಲಿ ಕಪ್ಪಾಗಿ ಕಾಣುತ್ತದೆ. ಬಣ್ಣವೆಲ್ಲ ಈ ವ್ಯತ್ಯಾಸದಲ್ಲೇ ಇದೆ.

ಅವರು ಪ್ರೊಜೆಕ್ಟರಿನಂಥ ಮೂರು ಲೆನ್ಸಿನ ಲ್ಯಾಂಟರ್ನ್‌ನಿಂದ ಅದೇ ಮೂರು ಬಣ್ಣದ ಬೆಳಕನ್ನು ಪರದೆ ಮೇಲೆ ಕೂಡಿಸುತ್ತಿದ್ದರು. ಕಾಗದದ ಮೇಲೆ ಲೆಕ್ಕ ಉಲ್ಟಾ. ಶಾಯಿ ಬೆಳಕನ್ನು ಕಳೆಯುತ್ತದಲ್ಲ, ಹಾಗಾಗಿ ಕೆಂಪು ಫಿಲ್ಟರಿನ ನೆಗೆಟಿವ್‌ನಿಂದ ಸಯಾನ್ (ಹಸಿರು ಬೆರೆತ ತಿಳಿನೀಲಿ), ಹಸಿರಿನಿಂದ ಮೆಜೆಂಟಾ (ನೇರಳೆ ಬೆರೆತ ಗುಲಾಬಿ), ನೀಲಿಯಿಂದ ಹಳದಿ ಪ್ಲೇಟ್ ಬರುತ್ತದೆ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರು ಜಾಸ್ತಿ ತಡವರಿಸುವುದು ಇಲ್ಲೇ.

1909ರಲ್ಲಿ ಚಿತ್ರಗಳನ್ನು ನೋಡಿ ಮೆಚ್ಚಿದ ರಷ್ಯಾದ ಚಕ್ರವರ್ತಿ ಝಾರ್ ಎರಡನೇ ನಿಕೋಲಾಸ್, ಫೋಟೋ ತೊಳೆಯುವ ಡಾರ್ಕ್‌ರೂಮ್ ಇದ್ದ ರೈಲುಬೋಗಿ ಕೊಟ್ಟರು. ಪ್ರೊಕುಡಿನ್-ಗೋರ್ಸ್ಕಿ 1915ರವರೆಗೂ ಸಾಮ್ರಾಜ್ಯ ಸುತ್ತಿದರು. ಕ್ರಾಂತಿಯಾದ ಮೇಲೆ, 1918ರಲ್ಲಿ ದೇಶ ಬಿಟ್ಟರು. 1944ರಲ್ಲಿ ಪ್ಯಾರಿಸ್‌ನಲ್ಲಿ ತೀರಿಕೊಂಡರು. ಅವರ ಗಾಜಿನ ನೆಗೆಟಿವ್‌ಗಳನ್ನು 1948ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಕೊಂಡುಕೊಂಡಿತು. ಸ್ಕ್ಯಾನ್‌ಗಳು ಈಗ ಯಾರಿಗೆ ಬೇಕಾದರೂ ಸಿಗುತ್ತವೆ.

ಮೂರು ಚಿತ್ರಗಳ ನಡುವೆ ಸ್ವಲ್ಪ ಹೊತ್ತು ಕಳೆಯುತ್ತಿತ್ತು. ಬೆಟ್ಟ, ಚರ್ಚು ಅಲುಗಾಡುವುದಿಲ್ಲ. ಹೊಳೆ ನಿಲ್ಲುತ್ತದೆಯೇ? ನೀರಿನ ಮೇಲೆ ಕೆಂಪು, ಹಸಿರು, ನೀಲಿ ಚೂರುಗಳು ಬೇರೆ ಬೇರೆಯಾಗಿ ಉಳಿದವು. ಕಂಪ್ಯೂಟರಿನಲ್ಲಿ ಇವನ್ನು ಒರೆಸಿ ಚೊಕ್ಕ ಮಾಡುವವರಿದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ. ನಮ್ಮ ಕ್ಯಾಲೆಂಡರಿನ ಗೆರೆ ಮಿಷನ್ನಿನ ತಪ್ಪು, ಆ ಚೂರುಗಳು ಹೊಳೆ ಹರಿದ ಗುರುತು ಅಲ್ವಾ?

ಮೊಬೈಲ್ ಇದ್ದರೆ ನೀವೂ ಮಾಡಿ ನೋಡಬಹುದು. ಗದಗಿನ ಭೀಷ್ಮ ಕೆರೆ ದಂಡೆಯಲ್ಲಿ ಟ್ರೈಪಾಡ್ ಹಾಕಿ, ಬಣ್ಣದ ಜೆಲಾಟಿನ್ ಕಾಗದ ಬದಲಿಸುತ್ತಾ ಮೂರು ಕಪ್ಪು-ಬಿಳುಪು ಫೋಟೋ ತೆಗೆಯಿರಿ. ಯಾವುದೇ ಫೋಟೋ ಸಾಫ್ಟ್‌ವೇರ್‌ನ ರೆಡ್, ಗ್ರೀನ್, ಬ್ಲೂ ಚಾನೆಲ್‌ಗಳಿಗೆ ಒಂದೊಂದನ್ನು ಅಂಟಿಸಿ. ಕೆರೆಯಲ್ಲಿರುವ ಬಸವಣ್ಣನ ಮೂರ್ತಿಯನ್ನು ನೋಡಿಕೊಂಡು ರಜಿಸ್ಟರ್ ಕೂಡಿಸಿ. ಅಲೆಗಳನ್ನು ಕೂಡಿಸಲು ಹೋಗಬೇಡಿ.