ಸಿದ್ದು ಹಣ್ಣಿನ ಬೀಜ ಹಾಕಿದರೆ ಸಿದ್ದು ಬರಲ್ಲ, ಸ್ವಾಮಿ

ಹಲಸಿನ ಕಾಲ ಶುರುವಾಯಿತು ಅಂದರೆ ನನ್ನ ಫೋನಿಗೆ ಬಿಡುವಿಲ್ಲ. ಹೆಚ್ಚಿನವರ ಪ್ರಶ್ನೆ ಒಂದೇ, ಅದೂ ನಮ್ಮ ಕಡೆಯ ಕೆಂಪು ತೊಳೆಯ ಸಿದ್ದು ತಳಿಯ ಬಗ್ಗೆ. "ಸಾರ್, ಸಿದ್ದು ಹಲಸು ತಿಂದ್ವಿ, ಭಾಳ ಚೆನ್ನಾಗಿತ್ತು, ಬೀಜ ಎತ್ತಿಟ್ಟಿದ್ದೀವಿ, ಯಾವಾಗ ಹಾಕಬೇಕು?" ಇವತ್ತೇ ಹಾಕಿ, ಹಲಸಿನ ಬೀಜ ಒಣಗಿದರೆ ಹುಟ್ಟುವುದಿಲ್ಲ. ಗಿಡ ಬರುತ್ತೆ. ಸಿದ್ದು ಬರಲ್ಲ. ಇಷ್ಟು ಹೇಳಿದರೆ ಆ ಕಡೆ ಸ್ವಲ್ಪ ಹೊತ್ತು ಮಾತೇ ಇರುವುದಿಲ್ಲ. ಆಮೇಲೆ ಬರುವ ಪ್ರಶ್ನೆಯೂ ನನಗೆ ಬಾಯಿಪಾಠ: "ಅದೇ ಹಣ್ಣಿನ ಬೀಜ ಅಲ್ವಾ ಸಾರ್?"

ತುಮಕೂರು, ಗುಬ್ಬಿ ಸುತ್ತಮುತ್ತ ತೋಟ ನೋಡಿ ಸಲಹೆ ಹೇಳುವುದು, ಕಸಿ ಕಟ್ಟುವುದನ್ನು, ಅಂದರೆ ಒಂದು ಮರದ ಕಡ್ಡಿಯನ್ನು ಇನ್ನೊಂದು ಗಿಡದ ಮೇಲೆ ಕೂಡಿಸುವುದನ್ನು, ಕಲಿಸುವುದು ನನ್ನ ಕೆಲಸ. ನಮ್ಮ ಕಡೆ ಹಲಸು ಹೊಸದೇನಲ್ಲ. ತೆಂಗಿನ ತೋಟದ ಬದುವಿನಲ್ಲಿ, ರಾಗಿ ಹೊಲದ ಅಂಚಿನಲ್ಲಿ ಅದರ ಪಾಡಿಗೆ ಅದು ಬೆಳೆಯುತ್ತಿತ್ತು. ಹಣ್ಣಾದಾಗ ಬೀದಿಯವರೆಲ್ಲ ತಿಂದರು, ಮಿಕ್ಕದ್ದು ದನಕ್ಕೆ. ಕೆಂಪು ತೊಳೆಯ ಚಂದ್ರ ಹಲಸು ಅಲ್ಲೊಂದು ಇಲ್ಲೊಂದು ಇತ್ತು, ಆ ಮರದ ಹಣ್ಣಿಗೆ ಮಾತ್ರ ನೆಂಟರು ಹೇಳಿ ಕಳಿಸುತ್ತಿದ್ದರು. ಲೆಕ್ಕಾಚಾರ ಬದಲಾದದ್ದು ಗುಬ್ಬಿ ತಾಲ್ಲೂಕು ಚೇಳೂರಿನ ಒಂದು ಮರದಿಂದ. ಸಿದ್ದಪ್ಪನವರು ನೆಟ್ಟ ಮರ, ಮಗ ಪರಮೇಶ್ ಅವರು ಉಳಿಸಿಕೊಂಡು ಬಂದದ್ದು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯದೊಂದು ಪ್ರಯೋಗ ಕೇಂದ್ರ ನಮ್ಮ ಹಿರೇಹಳ್ಳಿಯಲ್ಲಿದೆ. ಅಲ್ಲಿನ ವಿಜ್ಞಾನಿಗಳು ಆ ಹಣ್ಣನ್ನು ಪರೀಕ್ಷೆ ಮಾಡಿದರು, 2017ರ ಹೊತ್ತಿಗೆ ಅದಕ್ಕೆ ಸಿದ್ದು ಅಂತಲೇ ಹೆಸರಾಯಿತು. ಕಸಿ ಗಿಡ ಮಾರಿದ ದುಡ್ಡಿನಲ್ಲಿ ನೂರಕ್ಕೆ 75 ಮರದ ಒಡೆಯರಿಗೇ ಅಂತ ಒಪ್ಪಂದವೂ ಆಯಿತು. ನನಗೆ ಆ ಹಣ್ಣಿಗಿಂತ ಈ ಒಪ್ಪಂದವೇ ಜಾಸ್ತಿ ಇಷ್ಟ. ಆಮೇಲೆ ಗುಬ್ಬಿ ತಾಲ್ಲೂಕಿನದೇ ಇನ್ನೊಂದು ಕೆಂಪು ತಳಿ, ಶಂಕರ ಅಂತ, ಅದೂ ಬಂತು.

ಸಿದ್ದುಗೆ ಇಷ್ಟು ಬೇಡಿಕೆ ಯಾಕೆ ಅಂದರೆ ಬಣ್ಣ ಒಂದೇ ಕಾರಣ ಅಲ್ಲ. ಹತ್ತು ಹದಿನೈದು ಕೆಜಿ ಹಲಸನ್ನು ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಇಬ್ಬರು ಮೂವರು ಏನು ಮಾಡಬೇಕು, ಹೇಳಿ. ಸಿದ್ದು ಹಣ್ಣು ಸರಾಸರಿ 2.44 ಕೆಜಿ, ಒಳಗೆ 25–30 ತೊಳೆ. ಒಂದು ಸಂಜೆಗೆ ಮುಗಿಯುತ್ತೆ. ತೊಳೆ ತಾಮ್ರದ ಕೆಂಪು. ಆ ಕೆಂಪಿಗೆ ಕಾರಣವಾದ ಲೈಕೋಪೀನ್ 100 ಗ್ರಾಮಿಗೆ 1.12 ಮಿಲಿಗ್ರಾಂ ಇದೆ ಅಂತ ಸಂಸ್ಥೆಯವರು ಹೇಳಿದ್ದು, ಸಾಮಾನ್ಯ ಹಲಸಿನಲ್ಲಿ ಅದು ತೀರಾ ಕಡಿಮೆ. ಇದನ್ನೇ ಹಿಡಿದುಕೊಂಡು ಔಷಧಿ ಅಂತ ತಿನ್ನುವವರಿಗೆ ನಾನು ಏನೂ ಹೇಳಲ್ಲ, ಸಕ್ಕರೆ ಕಾಯಿಲೆ ಇರುವವರು ನಿಮ್ಮ ಡಾಕ್ಟರನ್ನು ಕೇಳಿ. ನನ್ನ ಕೆಲಸ ಗಿಡದ್ದು.

ಬೀಜದ ವಿಷಯಕ್ಕೆ ಬರೋಣ. ಇದನ್ನು ನಿಧಾನವಾಗಿ ಓದಿ.

ಹಲಸಿನಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ, ಎರಡೂ ಒಂದೇ ಮರದಲ್ಲಿ. ನಾವು ಒಂದು ಹಣ್ಣು ಅನ್ನುವುದು ನಿಜಕ್ಕೂ ನೂರಾರು ಹೆಣ್ಣು ಹೂಗಳ ಗೊಂಚಲು. ಒಂದೊಂದು ತೊಳೆಯೂ ಒಂದೊಂದು ಹೂವಿನಿಂದ ಆದದ್ದು. ಪರಾಗ ಸಿಗದ ಹೂಗಳು ತೊಳೆಗಳ ಸಂದಿಯ ನಾರಾಗಿ ಉಳಿಯುತ್ತವೆ. ಪರಾಗ ಎಲ್ಲಿಂದ ಬರುತ್ತೆ? ಅದೇ ಮರದಿಂದ ಬರಬಹುದು, ಪಕ್ಕದ ಹೊಲದ ಮೆತ್ತನೆ ತೊಳೆಯ ಅಂಬಲಿ ಹಲಸಿನಿಂದ ಬರಬಹುದು, ರಸ್ತೆ ಆಚೆಯ ಸಪ್ಪೆ ಹಲಸಿನಿಂದಲೂ ಬರಬಹುದು. ಅಂದರೆ ಒಂದೇ ಹಣ್ಣಿನೊಳಗಿನ ಹತ್ತು ಬೀಜಕ್ಕೆ ತಾಯಿ ಒಬ್ಬಳೇ, ಅಪ್ಪಂದಿರು ಎಷ್ಟು ಜನ ಅಂತ ಯಾರಿಗೂ ಗೊತ್ತಿಲ್ಲ. ನೀವು ತಿನ್ನುವ ತೊಳೆ ಪೂರ್ತಿ ತಾಯಿ ಮರದ್ದು, ಅದಕ್ಕೇ ಎಲ್ಲ ತೊಳೆಗೂ ಅದೇ ಬಣ್ಣ, ಅದೇ ರುಚಿ. ಬೆರಕೆ ಆಗಿರುವುದು ಬೀಜದ ಒಳಗೆ, ಅದು ಕಣ್ಣಿಗೆ ಕಾಣಲ್ಲ, ನಾಲಿಗೆಗೂ ಸಿಗಲ್ಲ. ಕಾಣುವುದು ಏಳೆಂಟು ವರ್ಷ ಆದ ಮೇಲೆ, ಮೊದಲ ಹಣ್ಣು ಕೊಯ್ದಾಗ. ಅಷ್ಟು ಹೊತ್ತಿಗೆ ಮರಕ್ಕೆ ಕೊಡಲಿ ಹಾಕಲು ಮನಸ್ಸು ಬರಲ್ಲ.

ನಿಟ್ಟೂರಿನ ಹತ್ತಿರ ಒಬ್ಬ ಅಜ್ಜಿಗೆ ಇದನ್ನೆಲ್ಲ ವಿವರಿಸಿದೆ. ಸಿದ್ದು ಹಣ್ಣಿನ ಬೀಜಕ್ಕೆ ಬೂದಿ ಸವರಿ ಮೊರದಲ್ಲಿ ಜೋಡಿಸಿ ಇಟ್ಟುಕೊಂಡಿದ್ದರು, ಮೊಮ್ಮಗ ಬೆಂಗಳೂರಿನಿಂದ ತಂದುಕೊಟ್ಟ ಹಣ್ಣಿನವು. ಎಲ್ಲ ಕೇಳಿಸಿಕೊಂಡು, "ನನ್ನ ಮೂರು ಮಕ್ಕಳೂ ಒಬ್ಬರಂತೆ ಒಬ್ಬರಿಲ್ಲ, ಹಂಗೇ ಅನ್ನು ಮತ್ತೆ" ಅಂದು ಬೀಜವನ್ನು ಹುಳಿಗೆ ಹಾಕಿದರು. ಎಂಜಿನಿಯರಿಂಗ್ ಓದಿದವರಿಗೆ ಇದೇ ಮಾತು ಹೇಳಲು ನನಗೆ ಅರ್ಧ ದಿನ ಬೇಕು.

ಯಾಕೆಂದರೆ ಅವರ ಹತ್ತಿರ ಒಂದು ಒಳ್ಳೆ ವಾದ ಇರುತ್ತೆ. "ಸಿದ್ದಪ್ಪನವರ ಮರ ಬೀಜದಿಂದ ಬಂದದ್ದೇ ಅಲ್ವಾ ಸಾರ್?" ಹೌದು, ಬೀಜದ್ದೇ. ಆದರೆ ಈ ಜಿಲ್ಲೆಯಲ್ಲಿ ಬೀಜದಿಂದ ಬಂದ ಹಲಸು ಎಷ್ಟಿರಬಹುದು, ಊರೂರಿಗೆ ಎಷ್ಟು ಮರ, ಅದರಲ್ಲಿ ವಿಜ್ಞಾನಿಗಳು ಹುಡುಕಿಕೊಂಡು ಬಂದದ್ದು ಎಷ್ಟು ಮರವನ್ನು? ನಿಮ್ಮ ಬೀಜದ ಗಿಡ ಸಿದ್ದುಗಿಂತ ಚೆನ್ನಾಗಿ ಬರಲ್ಲ ಅಂತ ನಾನು ಹೇಳುತ್ತಿಲ್ಲ, ಬರಲೂಬಹುದು. ಬದುವಿನಲ್ಲಿ ಎರಡು ಹಾಕಿಕೊಳ್ಳಿ, ಯಾರು ಬೇಡ ಅಂದರು. ಎರಡು ಎಕರೆ ತುಂಬಾ ಅದನ್ನೇ ನೆಟ್ಟು, ಸಾಲ ಮಾಡಿ ಹನಿ ನೀರಾವರಿ ಹಾಕಿಸಿ, ಎಂಟನೇ ವರ್ಷ ನನಗೆ ಫೋನ್ ಮಾಡಬೇಡಿ ಅಷ್ಟೇ.

ಸಿದ್ದುವೇ ಬೇಕು ಅಂದರೆ ಕಸಿ ಗಿಡವೇ ದಾರಿ. ಅದರ ಬಗ್ಗೆಯೂ ಒಂದು ಭಯ. "ಬೇರು ಯಾವುದೋ ನಾಟಿ ಹಲಸಿಂದು, ಮೇಲೆ ಸಿದ್ದು, ಹಣ್ಣು ಅರ್ಧಂಬರ್ಧ ಆಗಲ್ವಾ?" ಆಗಲ್ಲ. ಕಸಿ ಗಂಟು, ಅಂದರೆ ಎರಡೂ ಕೂಡಿದ ಜಾಗ, ಅದರಿಂದ ಮೇಲೆ ಇರುವುದೆಲ್ಲ ಸಿದ್ದು ಮರದ್ದೇ ತುಂಡು. ಕೆಳಗಿನದು ನೀರು, ಗೊಬ್ಬರ ಕಳಿಸುತ್ತೆ, ಹಣ್ಣಿನ ಜಾತಿ ಬದಲಾಯಿಸಲ್ಲ. ಆದರೆ ಗಂಟಿನಿಂದ ಕೆಳಗೆ ಚಿಗುರು ಬಂತೋ, ಅದು ನಾಟಿ. ಅದನ್ನು ಬಿಟ್ಟರೆ ಮೇಲಿನದಕ್ಕಿಂತ ಜೋರಾಗಿ ಎದ್ದು ಅದೇ ಗಿಡವಾಗಿಬಿಡುತ್ತೆ.

ಇದನ್ನು ಕಣ್ಣಾರೆ ನೋಡಬೇಕು ಅಂದರೆ ವಾರಾಂತ್ಯದ ತೋಟಗಳಿಗೆ ಹೋಗಬೇಕು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಒಬ್ಬರು, ಒಳ್ಳೆ ಮನುಷ್ಯ, ಹೋದಾಗಲೆಲ್ಲ ತಟ್ಟೆ ಇಡ್ಲಿ ತಿನ್ನಿಸಿಯೇ ಕಳಿಸುವವರು, ಸಾಲಾಗಿ ಸಿದ್ದು ನೆಟ್ಟಿದ್ದರು. "ಎಷ್ಟು ಸೊಂಪಾಗಿ ಬಂದಿವೆ ನೋಡಿ" ಅಂತ ಕರೆದುಕೊಂಡು ಹೋದರು. ನಾನು ಮಂಡಿಯೂರಿ ಬುಡದ ಮಣ್ಣು, ಕಳೆ ಸರಿಸಿದೆ. ಕಸಿ ಗಂಟು ಇತ್ತು. ಅದರ ಮೇಲೆ ಒಣಗಿದ ಕಡ್ಡಿ, ಬೆರಳಿನಷ್ಟು ದಪ್ಪ, ಮುಟ್ಟಿದರೆ ಲಟಕ್ ಅಂತ ಮುರಿಯಿತು. ಗಂಟಿನ ಕೆಳಗಿನಿಂದ ಎದ್ದ ಚಿಗುರು ನನ್ನ ಎದೆಮಟ್ಟ ಬೆಳೆದಿತ್ತು. ಆ ಸಾಲಿನಲ್ಲಿ ಅರ್ಧಕ್ಕರ್ಧ ಗಿಡ ಹಾಗೇ. ಮಾಲಿಗೆ ಚಿಗುರು ಕೀಳು ಅಂತ ಯಾರೂ ಹೇಳಿರಲಿಲ್ಲ, ಅವನು ಹಸಿರಾಗಿರುವುದನ್ನೆಲ್ಲ ನೀರು ಹಾಕಿ ಸಾಕಿದ್ದ.

ಗಿಡ ಕೊಳ್ಳುವಾಗ ಬುಡದಿಂದ ಒಂದು ಗೇಣಿನೊಳಗೆ ಕಸಿ ಗಂಟನ್ನು ಹುಡುಕಿ. ಓರೆಯಾಗಿ ಕೂಡಿದ ಗುರುತು ಇರಬೇಕು, ಉಗುರಿನಲ್ಲಿ ಮುಟ್ಟಿದರೆ ಗೊತ್ತಾಗುತ್ತೆ. ಗಂಟೇ ಇಲ್ಲದ ಗಿಡಕ್ಕೆ ಸಿದ್ದು ಅಂತ ಚೀಟಿ ಅಂಟಿಸಿ ಮಾರುವವರಿದ್ದಾರೆ. ಎಲೆಯನ್ನೂ ನೋಡಿ. ಬೀಜದಿಂದ ಬಂದ ಎಳೆ ಹಲಸಿನ ಎಲೆ ಸಾಮಾನ್ಯವಾಗಿ ಅಂಚಿನಲ್ಲಿ ಒಳಕ್ಕೆ ಸೀಳಿ ಹಾಲೆ ಹಾಲೆಯಾಗಿರುತ್ತೆ. ಬಲಿತ ಮರದ ಕಡ್ಡಿಯಿಂದ ಕಟ್ಟಿದ ಕಸಿಯ ಎಲೆ ಹೆಚ್ಚಾಗಿ ಸೀಳಿಲ್ಲದೆ ಮೊಟ್ಟೆಯಾಕಾರದಲ್ಲಿ ಇರುತ್ತೆ. ನೂರಕ್ಕೆ ನೂರು ಇದನ್ನೇ ನಂಬಬೇಡಿ, ಜೋರಾಗಿ ಬರುವ ಚಿಗುರಿನಲ್ಲಿ ಸೀಳೆಲೆ ಬರುವುದುಂಟು. ಅನುಮಾನ ಹುಟ್ಟಲು ಇಷ್ಟು ಸಾಕು. ಗಂಟು ಇದ್ದ ಮಾತ್ರಕ್ಕೆ ಕಡ್ಡಿ ಸಿದ್ದುವಿನದೇ ಅಂತಲೂ ಅಲ್ಲ. ಕಡ್ಡಿ ಎಲ್ಲಿಂದ ತಂದಿರಿ ಅಂತ ಕೇಳಿ, ಉತ್ತರ ತಡವರಿಸಿದರೆ ಗಾಡಿ ತಿರುಗಿಸಿ. ಹಿರೇಹಳ್ಳಿಯ ಪ್ರಯೋಗ ಕೇಂದ್ರ ಹೆದ್ದಾರಿ ಪಕ್ಕದಲ್ಲೇ ಇದೆ, ಗಿಡ ಇದೆಯಾ ಅಂತ ಮೊದಲೇ ವಿಚಾರಿಸಿಕೊಂಡು ಹೋಗಿ.

ನೆಡುವ ಕ್ರಮ ನಿಮಗೇ ಗೊತ್ತಿರುತ್ತೆ. ನೀರು ನಿಲ್ಲುವ ಜಾಗ ಬೇಡ, 25–30 ಅಡಿ ಅಂತರ ಬಿಡಿ, ಕಸಿಗೆ ಸುತ್ತಿದ ಪ್ಲಾಸ್ಟಿಕ್ ಪಟ್ಟಿ ಬಿಚ್ಚಿ. ಬಿಚ್ಚದಿದ್ದರೆ ಕಾಂಡ ದಪ್ಪವಾದಂತೆ ಅದು ಒಳಗೆ ಕೊರೆದು, ಗಾಳಿಗೆ ಗಿಡ ಅಲ್ಲೇ ಮುರಿಯುತ್ತೆ. ಮೂರು ನಾಲ್ಕು ವರ್ಷಕ್ಕೆ ಫಲ ಶುರು. ಆಗ ಇನ್ನೊಂದು ಸುತ್ತು ಫೋನ್: "ಮಿಡಿಯೆಲ್ಲ ಕಪ್ಪಾಗಿ ಉದುರ್ತಾ ಇದೆ, ಏನು ಹೊಡೀಲಿ?" ಏನೂ ಹೊಡೆಯಬೇಡಿ. ಅದರಲ್ಲಿ ಬಹುಪಾಲು ಗಂಡು ಹೂ, ಪರಾಗ ಚೆಲ್ಲಿ ಕೆಲಸ ಮುಗಿದ ಮೇಲೆ ಬೂಷ್ಟು ಹಿಡಿದು ಉದುರುವುದೇ ಅದರ ಹಣೆಬರಹ. ದಪ್ಪ ತೊಟ್ಟಿನ ಹೆಣ್ಣು ಮಿಡಿ ಉದುರಿದರೆ ಮಾತ್ರ ಒಂದನ್ನು ಕೊಯ್ದು ಒಳಗೆ ಹುಳು ಇದೆಯಾ ನೋಡಿ, ಫೋಟೋ ಕಳಿಸಿ.

ರೇಟಿನ ಬಗ್ಗೆ ನನ್ನನ್ನು ಕೇಳಬೇಡಿ. ಇವತ್ತು ಕೆಂಪು ಹಲಸಿಗೆ ಒಳ್ಳೆ ಬೆಲೆ ಇದೆ, ನೆಟ್ಟಿರುವುದೆಲ್ಲ ಫಲಕ್ಕೆ ಬಂದಾಗ ಹಾಗೇ ಇರುತ್ತೆ ಅಂತ ಬರೆದುಕೊಡಲು ನಾನು ತಯಾರಿಲ್ಲ. ಮಳೆ ಹಿಡಿದ ಮೇಲೆ ಹಣ್ಣಾದದ್ದು ಸಿದ್ದುವಾದರೂ ಸಪ್ಪೆ, ಅದನ್ನು ಹೇಳದೆ ಮಾರಿದರೆ ಗಿರಾಕಿ ಎರಡನೇ ಸಲ ಬರಲ್ಲ.

ಈಗಾಗಲೇ ಬೀಜದ ಗಿಡ ಎದ್ದಿದೆ ಅನ್ನುವವರು ಕಿತ್ತು ಎಸೆಯಬೇಡಿ. ಬೇರು ಒಳ್ಳೆ ನೆಲೆ ಹಿಡಿದಿರುತ್ತೆ. ಬುಡದಿಂದ ಎರಡು ಮೂರು ಅಡಿ ಬಿಟ್ಟು ಕಡಿದು, ಹೊಸ ಚಿಗುರು ಪೆನ್ಸಿಲ್ ಗಾತ್ರಕ್ಕೆ ಬಂದಾಗ ಅದರ ಮೇಲೆ ಸಿದ್ದು ಕಸಿ ಕಟ್ಟಿಸಬಹುದು. ಎಲ್ಲವೂ ಹಿಡಿಯುತ್ತೆ ಅಂತ ಮಾತು ಕೊಡಲಾರೆ, ಕಟ್ಟುವವರ ಕೈ ಮೇಲೂ ಹೋಗುತ್ತೆ, ಹವೆ ಮೇಲೂ ಹೋಗುತ್ತೆ. ಒಂದೇ ಗಿಡದಲ್ಲಿ ಮೂರು ಚಿಗುರಿಗೆ ಕಟ್ಟಿಸಿ, ಹಿಡಿದದ್ದರಲ್ಲಿ ಗಟ್ಟಿಯಾದದ್ದನ್ನು ಉಳಿಸಿಕೊಳ್ಳಿ. ಕಟ್ಟುವವರು ಕಡ್ಡಿಯನ್ನು ತಾವೇ ತರುತ್ತೇವೆ ಅಂದರೆ, ಯಾವ ಮರದ್ದು ಅಂತ ಕೇಳದೆ ಮುಂಗಡ ಕೊಡಬೇಡಿ.