ನೀರು ಇಳಿದಾಗ ಬಂದು ನೋಡಿ

ಜೆಟ್ಟಿ, ಅಂದರೆ ದೋಣಿ ಹತ್ತಿಳಿಯುವ ಕಟ್ಟೆಯ ಪರಿಶೀಲನೆಗೆ ಕರೆ ಬಂದರೆ ನಾನು ಮೊದಲು ಪಂಚಾಂಗ ತೆಗೆಯುತ್ತೇನೆ. ಅಳತೆ ಟೇಪು ಆಮೇಲೆ. ಅಮಾವಾಸ್ಯೆ ಅಥವಾ ಹುಣ್ಣಿಮೆ ಕಳೆದು ಒಂದೆರಡು ದಿನಕ್ಕೆ ಭೇಟಿ ಗೊತ್ತು ಮಾಡುತ್ತೇನೆ. ಆ ದಿನಗಳಲ್ಲಿ ಸಮುದ್ರ ಏರುವುದೂ ಜಾಸ್ತಿ, ಇಳಿಯುವುದೂ ಜಾಸ್ತಿ. ‘ಮೇಡಂ ಮುಹೂರ್ತ ನೋಡಿ ಬರ್ತಾರೆ’ ಅಂತ ಎಂಜಿನಿಯರುಗಳು ನಗುತ್ತಾರೆ. ನಗಲಿ ಬಿಡಿ.

ನಾನು ಓದಿದ್ದು ಆರ್ಕಿಟೆಕ್ಚರ್. ಮಾಡುವ ಕೆಲಸ, ಒಂದು ಜಾಗದಲ್ಲಿ ವೀಲ್‌ಚೇರಿನಲ್ಲಿ ಬರುವವರು ಯಾರ ಹಂಗೂ ಇಲ್ಲದೆ ಓಡಾಡಬಹುದೋ ಇಲ್ಲವೋ ನೋಡಿ ವರದಿ ಬರೆಯುವುದು. ಬ್ಯಾಂಕು, ಆಸ್ಪತ್ರೆ, ಕಾಲೇಜು ಎಲ್ಲ ನೋಡಿದ್ದೇನೆ. ಕಟ್ಟಡ ಇವತ್ತು ಇದ್ದಲ್ಲೇ ನಾಳೆಯೂ ಇರುತ್ತದೆ. ದೋಣಿ ಹಾಗಲ್ಲ ಅಂತ ನನಗೆ ಗೊತ್ತಾಗಿದ್ದು ನನ್ನದೇ ತಪ್ಪಿನಿಂದ.

ಕರಾವಳಿಯ ಒಂದು ಜೆಟ್ಟಿ. ನಾನು ಹೋದಾಗ ಭರತದ ಹೊತ್ತು, ನೀರು ತುಂಬಿ ನಿಂತಿತ್ತು. ದೋಣಿಯ ಅಂಚು, ಜೆಟ್ಟಿಯ ಕಾಂಕ್ರೀಟು ಎರಡೂ ಹೆಚ್ಚುಕಮ್ಮಿ ಸಮ. ನಡುವೆ ಒಂದು ಹಲಗೆ ಹಾಕಿದರು, ವೀಲ್‌ಚೇರ್ ಸಲೀಸಾಗಿ ದಾಟಿತು. ‘ಪರವಾಗಿಲ್ಲ’ ಅಂತ ಬರೆದು ಬಂದೆ. ಆಮೇಲೊಂದು ದಿನ, ನನ್ನ ಮಾತು ನಂಬಿ, ವೀಲ್‌ಚೇರಿನಲ್ಲಿ ಓಡಾಡುವ ಪರಿಚಯದ ನಿವೃತ್ತ ಟೀಚರೊಬ್ಬರು ಅಲ್ಲಿಗೆ ಹೋದರು. ಬೆಳಿಗ್ಗೆ ಹತ್ತುವಾಗ ಏನೂ ತೊಂದರೆ ಆಗಲಿಲ್ಲ. ಸಂಜೆ ವಾಪಸ್ ಬಂದಾಗ ನೀರು ಇಳಿದಿತ್ತು. ಕಟ್ಟೆ ಅವರ ತಲೆಯ ಎತ್ತರಕ್ಕಿತ್ತು. ‘ಹೆದರ್ಬೇಡಿ ಅಮ್ಮ, ನಾವಿದ್ದೇವಲ್ಲ’ ಅಂತ ನಾಲ್ಕು ಜನ ಕುರ್ಚಿ ಸಮೇತ ಎತ್ತಿದರು. ಒಬ್ಬ ಹಿಡಿದಿದ್ದು ಕೈ ಇಡುವ ಭಾಗವನ್ನು. ಅದು ಕಳಚಿ ತೆಗೆಯುವಂಥದ್ದು. ಅರ್ಧಕ್ಕೆ ಬಂದಾಗ ಅದು ಅವನ ಕೈಗೇ ಬಂತು. ಉಳಿದ ಮೂವರು ಹೇಗೋ ಸಾವರಿಸಿದರು. ಪೆಟ್ಟೇನೂ ಆಗಲಿಲ್ಲ. ಆದರೆ ಟೀಚರ್ ಆಮೇಲೆ ದೋಣಿ ಹತ್ತಿಲ್ಲ. ನನ್ನನ್ನು ಬೈಯಲೂ ಇಲ್ಲ, ಅದೇ ಕಷ್ಟ.

ಈಗ ಸ್ವಲ್ಪ ಲೆಕ್ಕ. ನಮ್ಮ ಕರ್ನಾಟಕದ ಕರಾವಳಿಯಲ್ಲಿ ದೊಡ್ಡ ಏರಿಳಿತದ ದಿನ ನೀರಿನ ಮಟ್ಟ ಒಂದೂವರೆ ಮೀಟರ್ ಆಸುಪಾಸು ಬದಲಾಗುತ್ತದೆ. ವೀಲ್‌ಚೇರ್ ರ‍್ಯಾಂಪಿಗೆ ನಮ್ಮ ದೇಶದ ಮಾನದಂಡ 1:12. ಒಂದಡಿ ಏರಲು ಹನ್ನೆರಡು ಅಡಿ ಉದ್ದ ಬೇಕು. ಒಂದೂವರೆ ಮೀಟರಿಗೆ 18 ಮೀಟರ್ ಆಯಿತು. ಅಲ್ಲಿ ಜೆಟ್ಟಿಯಿಂದ ದೋಣಿಗೆ 6 ಮೀಟರಿನ ಕಬ್ಬಿಣದ ಸೇತುವೆ ಇಟ್ಟರೆ ಇಳಿಜಾರು 1:4. ಮನೆಯ ಮೆಟ್ಟಿಲು ಸುಮಾರು 1:2 ಇರುತ್ತದೆ. ಅಂದರೆ ಅದರ ಅರ್ಧದಷ್ಟು ಕಡಿದು. ತೋಳಲ್ಲಿ ಎಷ್ಟೇ ಬಲ ಇದ್ದರೂ ತಾವೇ ಚಕ್ರ ತಿರುಗಿಸಿ ಅದನ್ನು ಹತ್ತುವವರು ಅಪರೂಪ. ಮುಂಬೈಯಲ್ಲಿ ದೊಡ್ಡ ದಿನಗಳಲ್ಲಿ ಏರಿಳಿತ ನಾಲ್ಕು ಮೀಟರ್ ದಾಟುತ್ತದೆ. ಅಲ್ಲಿಗೆ 48 ಮೀಟರ್ ಬೇಕು! ಗೇಟ್‌ವೇ ಆಫ್ ಇಂಡಿಯಾ ಪಕ್ಕದ ಕಲ್ಲಿನ ಮೆಟ್ಟಿಲುಗಳಲ್ಲಿ ಇಳಿದು ಎಲಿಫೆಂಟಾ ದೋಣಿ ಹತ್ತಿದವರಿಗೆ ಆ ಎತ್ತರ ಎಂಥದ್ದು ಅಂತ ಗೊತ್ತಿರುತ್ತದೆ.

ಈ ಕಷ್ಟ ಎಲ್ಲ ಕಡೆಯೂ ಇದೆ. ಅಮೆರಿಕದವರು 2010ರ ಮಾನದಂಡದಲ್ಲಿ ವಿಹಾರದ ದೋಣಿಗಳ ಜೆಟ್ಟಿಗೆ ಒಂದು ರಿಯಾಯಿತಿ ಕೊಟ್ಟಿದ್ದಾರೆ. ಸೇತುವೆ 80 ಅಡಿ ಉದ್ದ ಇದ್ದರೆ ಸಾಕು, ನೀರು ತೀರಾ ಇಳಿದಾಗ ಇಳಿಜಾರು 1:12 ಮೀರಿದರೂ ಒಪ್ಪಿಗೆ. ನನಗೆ ಇದು ಪ್ರಾಮಾಣಿಕ ನಿಯಮ ಅನಿಸುತ್ತದೆ. ಸಮುದ್ರದ ಜೊತೆ ಎಷ್ಟು ಚೌಕಾಸಿ ಮಾಡಬಹುದು ಅಂತ ಯಾರೋ ಕೂತು ಲೆಕ್ಕ ಹಾಕಿದ್ದಾರೆ.

ಸರಿಯಾಗಿ ಮಾಡಿದ್ದನ್ನು ನೋಡಬೇಕಾದರೆ ದೂರ ಹೋಗಬೇಕಿಲ್ಲ. ಕೊಚ್ಚಿ ವಾಟರ್ ಮೆಟ್ರೋ 2023ರ ಏಪ್ರಿಲ್‌ನಲ್ಲಿ ಶುರುವಾಯಿತು. ನೂರು ಜನ ಹಿಡಿಸುವ ಬ್ಯಾಟರಿ ದೋಣಿಗಳು. ಕಟ್ಟಿದ್ದು ಅಲ್ಲಿಯದೇ ಕೊಚ್ಚಿನ್ ಶಿಪ್‌ಯಾರ್ಡ್. ಎಲ್ಲರೂ ದೋಣಿಯ ಫೋಟೋ ಹೊಡೆಯುತ್ತಾರೆ. ನಾನು ನೋಡುತ್ತಾ ನಿಂತಿದ್ದು ತೇಲುವ ಜೆಟ್ಟಿಯನ್ನು. ನೀರು ಏರಿದರೆ ಅದೂ ಏರುತ್ತದೆ, ಇಳಿದರೆ ಅದೂ ಇಳಿಯುತ್ತದೆ. ದೋಣಿಯೂ ಅದೇ ನೀರಿನ ಮೇಲೆ ಇದೆಯಲ್ಲ, ಹಾಗಾಗಿ ಎರಡರ ನೆಲ ಯಾವ ಹೊತ್ತಲ್ಲೂ ಒಂದೇ ಮಟ್ಟ. ಎತ್ತರದ ವ್ಯತ್ಯಾಸವನ್ನೆಲ್ಲ ದಡಕ್ಕೂ ತೇಲುವ ಜೆಟ್ಟಿಗೂ ನಡುವಿನ ಸೇತುವೆ ಒಂದೇ ಹೊರುತ್ತದೆ. ಅಲ್ಲಿ ಎರಡೂ ಬದಿ ಹಿಡಿದುಕೊಳ್ಳಲು ಕಂಬಿ ಇರುತ್ತದೆ, ಅಲುಗಾಟವೂ ಕಮ್ಮಿ, ನಿಧಾನಕ್ಕೆ ಹೋಗಬಹುದು. ಕೊಚ್ಚಿಗೆ ಒಂದು ಅದೃಷ್ಟವೂ ಇದೆ, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಅಲ್ಲಿಯ ಏರಿಳಿತ ಒಂದು ಮೀಟರ್ ಆಸುಪಾಸು ಅಷ್ಟೆ, ಹಿನ್ನೀರಲ್ಲಿ ಅಲೆಯೂ ಕಮ್ಮಿ. ಅದೇ ನಕ್ಷೆ ತಂದು ತೆರೆದ ಕಡಲಿಗೆ ಇಟ್ಟರೆ ಮೊದಲ ಮಳೆಗಾಲಕ್ಕೇ ಗೊತ್ತಾಗುತ್ತದೆ.

ಶರಾವತಿ ಹಿನ್ನೀರಿನ ಸಿಗಂದೂರು ಲಾಂಚ್ ನೆನಪಿದೆಯಾ? ಅಲ್ಲಿ ಉಬ್ಬರವಿಲ್ಲ, ಆದರೆ ಬೇಸಿಗೆ ಬಂತೆಂದರೆ ಜಲಾಶಯವೇ ಕೆಳಗಿಳಿಯುತ್ತಿತ್ತು. ಲಾಂಚಿನ ಮುಂದಿನ ಬಾಗಿಲು ದಡದ ಮೇಲೆ ಬಿದ್ದು ತಾನೇ ರ‍್ಯಾಂಪ್ ಆಗುತ್ತಿತ್ತು, ಕಾರು ಬಸ್ಸುಗಳೇ ಒಳಗೆ ಬರುತ್ತಿದ್ದವು. ಕಾಲಿಲ್ಲದವರು ಕಾರಲ್ಲೇ ಕೂತು ದಾಟುತ್ತಿದ್ದರು. ಯಾರೂ ವೀಲ್‌ಚೇರ್ ನೆನೆಸಿಕೊಂಡು ಮಾಡಿದ್ದಲ್ಲ, ಆದರೂ ನಮ್ಮ ಎಷ್ಟೋ ಜೆಟ್ಟಿಗಳಿಗಿಂತ ವಾಸಿ ಇತ್ತು. 2025ರ ಜುಲೈನಲ್ಲಿ ಅಲ್ಲಿ ಸೇತುವೆಯೇ ಬಂತು.

ಇನ್ನು ಜೆಟ್ಟಿಯಲ್ಲಿ ದೋಣಿ ಹತ್ತಲು ಇಡುವ ಸೇತುವೆಯ ನೆಲ. ಜನ ಜಾರಬಾರದು ಅಂತ ಕಬ್ಬಿಣದ ತಗಡಿನ ಮೇಲೆ ಅಡ್ಡಡ್ಡ ಪಟ್ಟಿ ಬೆಸುಗೆ ಹಾಕುತ್ತಾರೆ. ನಡೆಯುವವರಿಗೆ ಅದು ಒಳ್ಳೆಯದೇ. ವೀಲ್‌ಚೇರಿನ ಮುಂದಿನ ಪುಟ್ಟ ಚಕ್ರಕ್ಕೆ ಪ್ರತಿ ಪಟ್ಟಿಯೂ ಒಂದು ಹೊಸ್ತಿಲು. ಒಂದರ ಮುಂದೆ ತಡೆದು ನಿಂತರೆ ಕೂತವರು ಮುಂದಕ್ಕೆ ಬೀಳುತ್ತಾರೆ. ಪಟ್ಟಿಯ ಬದಲು ಮರಳು ಬೆರೆಸಿದ ಒರಟು ಬಣ್ಣ ಬಳಿದರೆ ಇಬ್ಬರಿಗೂ ಆಗುತ್ತದೆ. ಜೊತೆಗೆ ಪಾಚಿ ಉಜ್ಜಲು ಒಬ್ಬ ಆಳು ಬೇಕು. ಇದನ್ನು ಪ್ರತಿ ವರದಿಯಲ್ಲೂ ಬರೆಯುತ್ತೇನೆ, ಪ್ರತಿ ಸಲವೂ ಅಂದಾಜುಪಟ್ಟಿಯಿಂದ ಮೊದಲು ಹಾರುವುದು ಅದೇ ಸಾಲು.

ಟರ್ಮಿನಲ್ ಕಟ್ಟಡದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕೌಂಟರ್ ಎತ್ತರ, ಶೌಚಾಲಯದ ಬಾಗಿಲು, ಒಳಗೆ ತಿರುಗಲು ಒಂದೂವರೆ ಮೀಟರ್ ಜಾಗ, ಎಲ್ಲ ಮಾನದಂಡದ ಪುಸ್ತಕದಲ್ಲಿದೆ. ಶೌಚಾಲಯಕ್ಕೆ ಬೀಗ ಹಾಕಿ ಒಳಗೆ ಪೊರಕೆ ಬಕೆಟ್ ಇಡಬೇಡಿ, ಅಷ್ಟು ಸಾಕು.

ಕಾನೂನಿನಲ್ಲೂ ಒಂದು ಸಂಗತಿ ಇದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 41ನೇ ಸೆಕ್ಷನ್ ಬಸ್ ನಿಲ್ದಾಣ, ರೈಲು ನಿಲ್ದಾಣ, ವಿಮಾನ ನಿಲ್ದಾಣ ಅಂತ ಹೆಸರು ಹಿಡಿದು ಹೇಳುತ್ತದೆ. ಜೆಟ್ಟಿಯ ಹೆಸರಿಲ್ಲ. ಹಾಗಂತ ತಪ್ಪಿಸಿಕೊಳ್ಳುವಂತಿಲ್ಲ, ‘ಎಲ್ಲ ಬಗೆಯ ಸಾರಿಗೆ’ ಅನ್ನುವ ಮಾತು ಮುಂದಿನ ಸಾಲಲ್ಲೇ ಬರುತ್ತದೆ. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಇಂಥ ಸೌಲಭ್ಯದ ಮಾನದಂಡಗಳು ಬರೀ ಸಲಹೆಯಾಗಿ ಉಳಿಯಬಾರದು, ಕಡ್ಡಾಯದ ನಿಯಮ ಬೇಕು ಅಂತ ಹೇಳಿದೆ. ಜೆಟ್ಟಿಯ ಟೆಂಡರ್ ಬರೆಯುವವರು ಆ ತೀರ್ಪನ್ನು ಒಮ್ಮೆ ಓದಿದರೆ ಒಳ್ಳೆಯದು.

ದೊಡ್ಡ ಹಡಗಿನದ್ದು ಬೇರೆ ಕಥೆ. ಅಲ್ಲಿ ನಿಜವಾಗಿಯೂ ಹೊಸ್ತಿಲು ಇರುತ್ತದೆ. ಹೊರಗಿನ ಡೆಕ್ಕಿಗೆ ತೆರೆಯುವ ಬಾಗಿಲಿನ ಕೆಳಗೆ ಒಂದಡಿಗಿಂತ ಎತ್ತರದ ಕಬ್ಬಿಣದ ಅಡ್ಡ. ಅಲೆ ಒಳಗೆ ನುಗ್ಗದಿರಲಿ ಅಂತ ಮಾಡಿದ್ದು, ಕಿತ್ತು ಹಾಕಿ ಅಂತ ನಾನೂ ಹೇಳಲಾರೆ. ಎರಡೂ ಬದಿಗೆ ಮಡಚುವ ರ‍್ಯಾಂಪ್ ಇಡಬಹುದು. ವಯಸ್ಸಾದವರು, ವಿಕಲಚೇತನರು ಹಡಗಲ್ಲಿ ಹೇಗೆ ಓಡಾಡಬೇಕು ಅನ್ನುವುದಕ್ಕೆ ಅಂತರರಾಷ್ಟ್ರೀಯ ಸಾಗರ ಸಂಸ್ಥೆ 1996ರಲ್ಲೇ ಶಿಫಾರಸು ಹೊರಡಿಸಿದೆ.

ವೀಲ್‌ಚೇರಿನಲ್ಲಿ ದೋಣಿಗೆ ಹೊರಟಿದ್ದರೆ, ಅಥವಾ ಮನೆಯವರನ್ನು ಕರೆದುಕೊಂಡು ಹೋಗುವುದಿದ್ದರೆ, ಹಿಂದಿನ ದಿನ ಫೋನ್ ಮಾಡಿ ‘ವೀಲ್‌ಚೇರ್ ವ್ಯವಸ್ಥೆ ಇದೆಯಾ’ ಅಂತ ಕೇಳಬೇಡಿ. ‘ಇದೆ, ಬನ್ನಿ’ ಅಂತಾರೆ, ನಾಲ್ಕು ಜನ ಹುಡುಗರೇ ಆ ವ್ಯವಸ್ಥೆ. ‘ನಾವು ವಾಪಸ್ ಬರುವ ಹೊತ್ತಿಗೆ ನೀರು ಎಲ್ಲಿರುತ್ತದೆ, ಆಗ ಎಷ್ಟು ಮೆಟ್ಟಿಲು’ ಅಂತ ಕೇಳಿ. ದೋಣಿಯವರಿಗೆ ಭರತ ಇಳಿತದ ಹೊತ್ತು ಬಾಯಿಪಾಠ, ತಟ್ಟನೆ ಹೇಳುತ್ತಾರೆ. ಎತ್ತಲೇಬೇಕಾಗಿ ಬಂದರೆ ಎಲ್ಲಿ ಹಿಡಿಯಬೇಕು ಅಂತ ನೀವೇ ತೋರಿಸಿ. ಕೈ ಇಡುವ ಭಾಗ, ಕಾಲಿಡುವ ಭಾಗ ಬೇಡ, ಕುರ್ಚಿಯ ಚೌಕಟ್ಟೇ ಆಗಬೇಕು. ಬ್ಯಾಟರಿ ವೀಲ್‌ಚೇರ್ ಆದರೆ ಎತ್ತಲು ಬಿಡಲೇಬೇಡಿ, ಕೂತವರ ಭಾರವೂ ಸೇರಿದರೆ ಅದು ನಾಲ್ವರ ಕೈಗೂ ಮೀರಿದ ಭಾರ. ಕಡಿದಾದ ಸೇತುವೆಯಲ್ಲಿ ಕೆಳಗೆ ಹೋಗುವಾಗ ಕುರ್ಚಿಯನ್ನು ಹಿಮ್ಮುಖ ಮಾಡಿ, ಹಿಡಿದವರು ಕೆಳಬದಿಯಲ್ಲಿರಲಿ. ಸಣ್ಣ ದೋಣಿಯಲ್ಲಿ ಬ್ರೇಕ್ ಹಾಕಿ, ಲೈಫ್ ಜಾಕೆಟ್ ತೊಡಿ, ಆದರೆ ಕುರ್ಚಿಯ ಬೆಲ್ಟ್ ಬಿಚ್ಚಿಡಿ. ದೋಣಿ ಮಗುಚಿದರೆ ಜಾಕೆಟ್ ಮೇಲೆತ್ತುತ್ತದೆ, ಕುರ್ಚಿ ಕೆಳಗೆಳೆಯುತ್ತದೆ.

ಮನೆಗೆ ಬಂದ ಮೇಲೆ ಚಕ್ರಗಳನ್ನು ಸಿಹಿನೀರಲ್ಲಿ ಒದ್ದೆ ಮಾಡಿದ ಬಟ್ಟೆಯಿಂದ ಒರೆಸಿ, ಮುಂದಿನ ಪುಟ್ಟ ಚಕ್ರದ ಬೇರಿಂಗಿಗೆ ಎರಡು ತೊಟ್ಟು ಎಣ್ಣೆ ಬಿಡಿ. ಉಪ್ಪುಗಾಳಿಗೆ ಮೊದಲು ತುಕ್ಕು ಹಿಡಿಯುವುದು ಅದೇ.